ವೈರಿಲ್ಲದ ಸ್ಪೀಕರಿನ ಐದು ವೈರುಗಳು

ಪ್ರತಿ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ, ಅಟ್ಟದ ಮೇಲಿನ ಕಬ್ಬಿಣದ ಟ್ರಂಕನ್ನು ಇಳಿಸಿ ಒಳಗಿನ ಸಾಮಾನುಗಳಿಗೆ ಗಾಳಿಯಾಡಿಸುವುದು ನನ್ನ ಕ್ರಮ. ಅದರಲ್ಲಿ ಕೆಲಸಕ್ಕೆ ಬರುವಂಥದ್ದು ಏನೂ ಇಲ್ಲ. ಮೂರು ಸೀಟಿಗಳು, ಒಂದು ಜೊತೆ ಮರದ ಡಂಬೆಲ್ಸು, ನಿಂತುಹೋದ ಸ್ಟಾಪ್‌ವಾಚು, ಹೊಳಲ್ಕೆರೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದಾಗ ಹುಡುಗರಿಂದ ಕಿತ್ತುಕೊಂಡು ವಾಪಸು ಕೊಡಲು ಮರೆತ ಏಳು ಗೋಲಿಗಳು. "ಅವನ್ನೆಲ್ಲ ಗುಜರಿಗೆ ಹಾಕ್ರಿ" ಎಂದು ನನ್ನ ಹೆಂಡತಿ ನೀಲಮ್ಮ ಪ್ರತಿ ತಿಂಗಳೂ ಹೇಳುತ್ತಾಳೆ. ಈಗ ಅದೂ ಕ್ರಮದ ಒಂದು ಭಾಗವಾಗಿದೆ. ಅವಳು ಹೇಳದಿದ್ದರೆ ಏನೋ ಬಿಟ್ಟುಹೋದ ಹಾಗೆ ನನಗೇ ಅನ್ನಿಸುತ್ತದೆ.

ಹೋದ ಭಾನುವಾರ ಟ್ರಂಕಿನ ತಳದಲ್ಲಿ, ಎಂದೂ ಬಿಚ್ಚದ ಬಟ್ಟೆಗಂಟಿನೊಳಗೆ, ಸೋಪಿನ ಡಬ್ಬಿಯಷ್ಟಿರುವ ಕರಿಯ ಪೆಟ್ಟಿಗೆಯೊಂದು ಕೈಗೆ ಸಿಕ್ಕಿತು. ಮುಂದುಗಡೆ ಕಪ್ಪು ಗಾಜು, ಹಿಂದುಗಡೆ ಎರಡು ತೂತು, ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿಯ ಮಾಸಲು ಗುರುತು. ಹತ್ತು ಗಂಟೆಗೆ ಎಲ್ಲವನ್ನೂ ಒಳಗಿಟ್ಟು ಬೀಗ ಹಾಕಬೇಕಾಗಿತ್ತು. ಹತ್ತೂಮುಕ್ಕಾಲಾದರೂ ನಾನು ಅದನ್ನೇ ಅಂಗೈಯಲ್ಲಿಟ್ಟುಕೊಂಡು ಕೂತಿದ್ದೆ. ಮೂವತ್ತು ವರ್ಷ ಸೀಟಿ ಊದಿದವನಿಗೆ ಇದು ಸಣ್ಣ ಲೋಪವಲ್ಲ.

ಆ ಪೆಟ್ಟಿಗೆ ಚಿತ್ರದುರ್ಗದ ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ. ಬಂದದ್ದು ನನ್ನ ಅಕ್ಕನಿಗಾಗಿ. ಗೌರಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ಹರಿಯಬ್ಬೆಯಲ್ಲಿ ಹುಟ್ಟಿ ಹರಿಯಬ್ಬೆಯಲ್ಲೇ ಮದುವೆಯಾಗಿ ಅಲ್ಲೇ ಇದ್ದವಳು. ಚಿಕ್ಕಂದಿನಲ್ಲಿ ಸಿಡುಬು ಬಂದಾಗ ಅವಳ ಎಡಗಣ್ಣು ಹೋಗಿತ್ತು. ಉಳಿದ ಒಂದರಲ್ಲೇ ಅವಳು ಹೊಲ, ಮನೆ, ಮಕ್ಕಳು, ಊರಿನ ಎಲ್ಲರ ಸಂಸಾರ, ಇಷ್ಟನ್ನೂ ನೋಡಿಕೊಂಡಿದ್ದಳು. ಆ ಕಣ್ಣಿಗೂ ಪೊರೆ ಬಂತು. ಇಲ್ಲಿಯ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಪಟ್ಟಿ ಕಟ್ಟಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಹದಿನೈದು ದಿನ ಕತ್ತಲೆ ಕೋಣೆಯಲ್ಲಿ ಮಲಗಿರಬೇಕು. ಬಗ್ಗಬಾರದು, ಏನನ್ನೂ ಎತ್ತಬಾರದು, ಎಡವಬಾರದು. ಹೊಲಿಗೆ ಬಿಟ್ಟರೆ ಕಣ್ಣು ಹೋದ ಹಾಗೆಯೇ. ಇನ್ನೊಂದು ಕಣ್ಣು ಇಲ್ಲ ಅನ್ನೋದು ನೆನಪಿರಲಿ."

ನನಗೆ ನೆನಪಿತ್ತು. ನೆನಪಿಲ್ಲದವಳು ಅಕ್ಕ.

"ಬರೇ ಬಿದ್ಕಂಡಿರಾಕೆ ನಾನೇನು ಬಾಣಂತಿನೇನಲೇ?" ಎಂದಳು ಮೊದಲ ದಿನ. ಎರಡನೆಯ ದಿನ ಕುಡಿದ ಲೋಟ ತಾನೇ ತೊಳೆಯುತ್ತೇನೆಂದು ಗೋಡೆ ಸವರಿಕೊಂಡು ಬಚ್ಚಲಿಗೆ ಹೊರಟಿದ್ದಳು. ಮೂರನೆಯ ದಿನ ಅವಳ ಹಣೆ ಬಾಗಿಲ ಚೌಕಟ್ಟಿಗೆ ತಾಕುವುದು ಎರಡು ಬೆರಳಿನಷ್ಟರಲ್ಲಿ ತಪ್ಪಿತು. ನಾನು ಗದರಿದೆ. ಐನೂರು ಹುಡುಗರನ್ನು ಒಂದೇ ಕೂಗಿಗೆ ನಿಲ್ಲಿಸಿದ ಗಂಟಲು ನನ್ನದು. ಅಕ್ಕನ ಮೇಲೆ ಅದು ನಡೆಯಲಿಲ್ಲ.

"ಕೂಗಬ್ಯಾಡ, ಕೆಮ್ಮು ಬಂದಾತು ನಿಂಗೆ" ಎಂದಳು. "ಒಂದ್ ಕೆಲ್ಸ ಮಾಡು. ಸಂಜೆ ಏಳಕ್ಕೆ ಬರೋ ಆ ಸೊಸೆ ಕತೆ ಐತಲ್ಲ, ಅದು ನನಗೆ ಕೇಳಂಗೆ ಮಾಡು. ದಿನಾ ಅದು ಬರೋ ತಂಕ ಕಾಯ್ಕಂಡು ಮಲಗಿರ್ತೀನಿ. ದನಿ ನಿಂತ್ರೆ ಮಾತ್ರ ಎದ್ದು ಬರ್ತೀನಿ, ಅಷ್ಟೇಯ."

ಕರಾರು ಸರಳವಾಗಿಯೇ ಇತ್ತು. ಆದರೆ ಟೀವಿ ಇದ್ದದ್ದು ಹಾಲಿನಲ್ಲಿ, ಅಕ್ಕ ಇದ್ದದ್ದು ಎದುರಿನ ಕೋಣೆಯಲ್ಲಿ. ದನಿ ಜೋರು ಮಾಡೋಣವೆಂದರೆ ಪಕ್ಕದ ಮನೆಯವರ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದಳು. ಟೀವಿಯನ್ನೇ ಕೋಣೆಗೆ ಒಯ್ಯೋಣವೆಂದರೆ ಅದರ ಬೆಳಕು ಆಗದು. ಉದ್ದನೆಯ ವೈರೆಳೆದು ಒಳಗೊಂದು ಸ್ಪೀಕರ್ ಇಡಬಹುದಿತ್ತು. ಆದರೆ ಹೊಸ್ತಿಲಿನ ಮೇಲೆ ಹಾಯುವ ವೈರಿಗೆ ಅಕ್ಕ ಎಡವಿದರೆ? ಹೀಗೆ ಯೋಚಿಸುತ್ತಿರುವಾಗಲೇ ಅಕ್ಕನ ಮಗ ಸಿದ್ದೇಶ ಬೊಂಬಾಯಿಗೆ ಈರುಳ್ಳಿ ಲೋಡು ಇಳಿಸಿ ವಾಪಸು ಬರುವಾಗ ದಾರಿಯಲ್ಲಿ ಲಾರಿ ನಿಲ್ಲಿಸಿ ಮನೆಗೆ ಬಂದ. ಕೈಯಲ್ಲಿ ರಟ್ಟಿನ ಪೆಟ್ಟಿಗೆ.

"ಮಾವ, ಇದು ವೈರಿಲ್ಲದ ಸ್ಪೀಕರು. ಟೀವಿ ಮೇಲೆ ಒಂದ್ ಡಬ್ಬಿ, ಅವ್ವನ ತಾವ ಸ್ಪೀಕರು. ನಡುವೆ ಏನೂ ಇಲ್ಲ. ಬೊಂಬಾಯ್ನಾಗೆ ತಗಂಡೆ."

ಚಾ ಕುಡಿದು, ಅವ್ವನಿಗೆ "ಎದ್ದು ಓಡಾಡಬ್ಯಾಡ" ಎಂದು ಹೇಳಿ, "ನಿಮ್ಮಪ್ಪನಂಗೇ ಆಗಿದ್ದೀಯ" ಎಂದು ಅವಳಿಂದ ಬೈಸಿಕೊಂಡು ಹೊರಟೇಹೋದ.

ನಾನು ಪೆಟ್ಟಿಗೆ ಬಿಚ್ಚಿದೆ. ಸ್ಪೀಕರುಗಳು ಎರಡು, ಕರಿಯ ಡಬ್ಬಿ ಒಂದು. ಆಮೇಲೆ ವೈರುಗಳು. ಡಬ್ಬಿಯಿಂದ ಗೋಡೆಗೆ ಒಂದು, ಡಬ್ಬಿಯಿಂದ ಟೀವಿಯ ಇಯರ್‌ಫೋನ್ ತೂತಿಗೆ ಒಂದು, ಸ್ಪೀಕರಿನಿಂದ ಗೋಡೆಗೆ ಒಂದು, ಆ ಸ್ಪೀಕರಿನಿಂದ ಅದರ ಜೋಡಿಗೆ ಒಂದು, ಇವನ್ನೆಲ್ಲ ಸಿಕ್ಕಿಸಲು ಪ್ಲಗ್ಗು ಸಾಲದೆ ನಾನು ತಂದ ಎಕ್ಸ್‌ಟೆನ್ಷನ್ ಬಾಕ್ಸಿನದು ಒಂದು. ಒಟ್ಟು ಐದು. ಅದಕ್ಕೆ ಮೊದಲು ನಮ್ಮ ಟೀವಿಗೆ ಇದ್ದದ್ದು ಎರಡೇ ವೈರು. ವೈರಿಲ್ಲದ ಸ್ಪೀಕರು ಬಂದ ಮೇಲೆ ಏಳಾದವು. ಈ ಲೆಕ್ಕ ನನಗೆ ಈವತ್ತಿಗೂ ಬಗೆಹರಿದಿಲ್ಲ.

ಜೊತೆಗಿದ್ದ ಹಾಳೆಯ ಬರಹ ಚೀನಿಯೋ ಜಪಾನಿಯೋ ಗೊತ್ತಾಗಲಿಲ್ಲ. ಚಿತ್ರಗಳಿದ್ದವು. ಮೊದಲನೆಯದರಲ್ಲಿ ಟೀವಿ, ಡಬ್ಬಿ, ಸ್ಪೀಕರು. ಎರಡನೆಯದರಲ್ಲಿ ಕುರ್ಚಿಯ ಮೇಲೆ ಕೂತು ನಗುತ್ತಿರುವ ಒಬ್ಬ. ಮೂರನೆಯದರಲ್ಲಿ ನಿಂತಿರುವ ಒಬ್ಬ, ಅವನ ಮೇಲೆ ದೊಡ್ಡದೊಂದು ಕತ್ತರಿ ಗುರುತು. ಡ್ರಿಲ್ ಪುಸ್ತಕಗಳನ್ನು ಚಿತ್ರ ನೋಡಿಯೇ ಅರ್ಥ ಮಾಡಿಕೊಂಡು ಬಂದವನಾದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ಈ ಯಂತ್ರವನ್ನು ಕೂತೇ ಕೇಳಬೇಕು, ನಿಂತು ಕೇಳಬಾರದು. ಅಂದಿನಿಂದ ನಮ್ಮ ಹಾಲಿಗೆ ಯಾರು ಬಂದರೂ ಕುರ್ಚಿ ಎಳೆದು "ಕೂತ್ಕಳ್ರಿ, ನಿಲ್ಲಬಾರದಂತೆ" ಎನ್ನುತ್ತಿದ್ದೆ. ಹಾಲಿನವನು ಸಹ ಒಂದು ದಿನ ಕ್ಯಾನು ಹಿಡಿದು ಕೂತು ಎದ್ದುಹೋದ.

ಎಲ್ಲ ಜೋಡಿಸಿ, ಹೊಸ ಸಾಮಾನಿಗೆ ಮಾಡುವಂತೆ ಊದುಬತ್ತಿ ಬೆಳಗಿ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಡಬ್ಬಿಯ ಹಣೆಗೆ ದಪ್ಪಗೆ ಹಚ್ಚಿದೆ. ಏಳಕ್ಕೆ ಸರಿಯಾಗಿ ಟೀವಿ ಹಾಕಿದೆ. ಟೀವಿಯೂ ಮೂಕ, ಸ್ಪೀಕರೂ ಮೂಕ. ಇಯರ್‌ಫೋನ್ ತೂತಿಗೆ ವೈರು ಹಾಕಿದ್ದರಿಂದ ಟೀವಿಯ ದನಿ ಅಲ್ಲಿಂದ ಹೊರಟುಹೋಗಿತ್ತು. ಎಲ್ಲಿಗೂ ಬಂದು ಸೇರಿರಲಿಲ್ಲ.

"ಹೋತೇನೋ?" ಎಂದಳು ಅಕ್ಕ ಒಳಗಿಂದ. ಮಂಚ ಕಿರುಗುಟ್ಟಿತು.

ನಾನು ವೈರು ಕಿತ್ತೆ. ಪಕ್ಕದ ಮನೆಯ ಎಸ್ಸೆಸ್ಸೆಲ್ಸಿಯನ್ನು ಮರೆತು ಟೀವಿಯ ದನಿಯನ್ನು ಪೂರ್ತಿ ಏರಿಸಿದೆ. ಮಂಚ ಸುಮ್ಮನಾಯಿತು.

ಮರುದಿನ ಬೆಳಿಗ್ಗೆ ಸಂತೆಪೇಟೆಯಿಂದ ರೇಡಿಯೋ ರಿಪೇರಿಯ ಗೌಸ್ ಬಂದ. ನಾನು ಕಿತ್ತಿದ್ದ ವೈರನ್ನು ಮತ್ತೆ ಸಿಕ್ಕಿಸಿ, ಟೀವಿ ಹಾಕಿ, ಡಬ್ಬಿಯನ್ನು ಕೈಗೆತ್ತಿಕೊಂಡು ನೋಡಿ, ಅಂಗಿಯ ಚುಂಗಿನಿಂದ ಅದರ ಮುಂದಿನ ಗಾಜು ಒರೆಸಿದ. ಒಳಗೆ ಸ್ಪೀಕರು ಒಮ್ಮೆಲೇ ಕೂಗಿಕೊಂಡಿತು.

"ಮೇಷ್ಟ್ರೇ, ಇದು ಇದರ ಕಣ್ಣು. ನೀವು ಇದಕ್ಕೂ ಪಟ್ಟಿ ಕಟ್ಟಿಬಿಟ್ಟಿದ್ರಲ್ಲ!" ಎಂದ. "ಇದರಿಂದ ಒಂದು ಬೆಳಕು ಹೋಗ್ತೈತೆ, ನಮಗೆ ಕಾಣಂಗಿಲ್ಲ. ಅಲ್ಲಿ ಸ್ಪೀಕರ್‌ಗೂ ಒಂದು ಕಣ್ಣೈತೆ. ಇದು ಅದನ್ನ ನೋಡ್ಬೇಕು, ಅದು ಇದನ್ನ ನೋಡ್ಬೇಕು. ಸಮಜಾಯ್ತಾ?"

ಅರ್ಥವಾಗದ ಹುಡುಗರು ಹೇಗೆ ತಲೆಯಾಡಿಸುತ್ತಾರೆಂಬುದನ್ನು ಮೂವತ್ತು ವರ್ಷ ನೋಡಿದ್ದೆ. ಹಾಗೆಯೇ ತಲೆಯಾಡಿಸಿದೆ. ದನಿ ಎಂದ ಮೇಲೆ ಕಿವಿಯ ವಿಷಯ. ಅದರಲ್ಲಿ ಕಣ್ಣೇಕೆ, ಕಾಣದ ಬೆಳಕೇಕೆ? ಮಾರನೆಯ ದಿನದಿಂದ ವಿಭೂತಿಯನ್ನು ನೆತ್ತಿಯ ಮೇಲೆ ಹಚ್ಚತೊಡಗಿದೆ.

ಅಂದು ಸಂಜೆ ಸ್ಪೀಕರು ಹಾಡಿತು. ಆದರೆ ದನಿಯೆಲ್ಲ ಕೋಣೆಯಲ್ಲಿ, ಚಿತ್ರವೆಲ್ಲ ಹಾಲಿನಲ್ಲಿ. ಟೀವಿಯ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತ ನೀಲಮ್ಮನಿಗೆ ಮಾತು ಸರಿಯಾಗಿ ಕೇಳದು. ಒಳಗೆ ಮಲಗಿದ ಅಕ್ಕನಿಗೆ ಏನೂ ಕಾಣದು. ಇಬ್ಬರೂ ಒಂದೇ ಕತೆಯನ್ನು ಹಂಚಿಕೊಂಡು ನೋಡಬೇಕಾಯಿತು.

"ಏನಂದ್ಲು ಅತ್ತಿಗೆವ್ರೇ?" ಎಂದು ಇವಳು ಕೂಗುವಳು.

"ತವರಿಗೆ ಹೋಗ್ತೀನಿ ಅಂದ್ಲು. ಹೋದ್ಲಾ?" ಎಂದು ಅವಳು.

"ಎಲ್ಲಿ, ಕನ್ನಡಿ ಮುಂದೆ ನಿಂತವ್ಳೆ."

"ನನಗ್ಗೊತ್ತಿತ್ತು, ಅವಳು ಹೋಗಾಕಿಲ್ಲ."

ಇನ್ನು ನನ್ನ ನೂರು ಹೆಜ್ಜೆಯ ವಿಷಯ. ಆರೂವರೆಗೆ ಊಟ, ಏಳಕ್ಕೆ ನೂರು ಹೆಜ್ಜೆ. ಮಳೆ, ಜ್ವರ, ಮದುವೆ ಮನೆ, ಯಾವುದಕ್ಕೂ ಇದು ತಪ್ಪಿದ್ದಿಲ್ಲ. ನಮ್ಮ ಹಾಲು ಒಂದು ಗೋಡೆಯಿಂದ ಇನ್ನೊಂದಕ್ಕೆ ಹತ್ತು ಹೆಜ್ಜೆ. ಹತ್ತು ಸಲ ಹಾಯ್ದರೆ ಲೆಕ್ಕ ಪೂರ್ತಿ. ಬರಿಗಾಲು, ಸದ್ದಿಲ್ಲದ ಹೆಜ್ಜೆ, ನೆಟ್ಟ ಬೆನ್ನು. "ಟೀವಿ ಮುಂದೆ ಸುಳಿದಾಡಬ್ಯಾಡ್ರಿ, ನಿಮ್ಮ ಮೈ ಗಾಜಿಂದು ಅನ್ಕಂಡೀರಾ?" ಎಂದು ನೀಲಮ್ಮ ಟೀವಿ ಬಂದ ದಿನದಿಂದ ಹೇಳುತ್ತಿದ್ದಳು. ಅದಕ್ಕೇ ಅವಳು ಕುರ್ಚಿಯನ್ನು ಟೀವಿಯ ಪಕ್ಕಕ್ಕೆ ಹಾಕಿಕೊಂಡದ್ದು.

ಈ ಅಭ್ಯಾಸ ನನಗೆ ಯಾವ ಟ್ರೈನಿಂಗ್ ಕಾಲೇಜಿನಲ್ಲೂ ಬಂದದ್ದಲ್ಲ. ಹರಿಯಬ್ಬೆಯಲ್ಲಿ ನಾನು ಚಿಕ್ಕವನಿದ್ದಾಗ ಮುದ್ದೆಯನ್ನು ಗಬಗಬನೆ ನುಂಗಿ ಹೊಟ್ಟೆನೋವೆಂದು ಅಳುತ್ತಿದ್ದೆ. ಅವ್ವ ಹೊಲದಿಂದ ಬಂದು ಸುಸ್ತಾಗಿ ಗೋಡೆಗೊರಗಿರುತ್ತಿದ್ದಳು. ಅಕ್ಕ ನನ್ನ ಕಿರುಬೆರಳು ಹಿಡಿದು ಅಂಗಳದಲ್ಲಿ ಅಡ್ಡಾಡಿಸುತ್ತಿದ್ದಳು. ಕಾಳು ತುಂಬಿಡುವ ಹಗೇವಿನ ಕಲ್ಲಿನಿಂದ ಕೊಟ್ಟಿಗೆಯ ಕಂಬದವರೆಗೆ ಹತ್ತು ಹೆಜ್ಜೆ. ಅವಳಿಗೆ ಹತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಪ್ರತಿ ಸಲ ತಿರುಗುವಾಗ ಒಂದು ಬೆರಳು ಮಡಚುವಳು. ಹತ್ತೂ ಬೆರಳು ಮಡಚಿದ ಮೇಲೆ ನನ್ನ ಹೊಟ್ಟೆ ಮುಟ್ಟಿ, "ಹೋತು ನೋವು, ಮಲಗು ನಡಿ" ಎನ್ನುವಳು. ನೋವು ಹೋಗುತ್ತಿತ್ತು. ಹೇಗೆ ಹೋಗುತ್ತಿತ್ತೋ! ಈಗ ನಾನು ಗಬಗಬನೆ ತಿನ್ನುವುದಿಲ್ಲ. ನಡಿಗೆ ಮಾತ್ರ ಉಳಿದಿದೆ.

ಸ್ಪೀಕರಿಗೆ ಬರುತ್ತೇನೆ. ಹಾಡಿದ ಮೊದಲ ಸಂಜೆಯಿಂದಲೇ ಅದಕ್ಕೊಂದು ರೋಗ ಹಿಡಿಯಿತು. ಏಳಕ್ಕೆ ಕತೆ ಶುರುವಾದ ಕೂಡಲೇ ದನಿ ಗಕ್ಕನೆ ನಿಲ್ಲುವುದು, ಮತ್ತೆ ಬರುವುದು, ಮತ್ತೆ ನಿಲ್ಲುವುದು. ನಾನು ನಡಿಗೆ ಬಿಟ್ಟು ಟೀವಿಯ ಹತ್ತಿರ ಓಡಿದರೆ ಸರಿಯಾಗಿರುತ್ತಿತ್ತು. ವಾಪಸು ನಡಿಗೆಗೆ ತೊಡಗಿದರೆ ಮತ್ತೆ ಅದೇ ಕತೆ. ಮೇಷ್ಟ್ರು ಹತ್ತಿರ ಬಂದಾಗ ನೆಟ್ಟಗಾಗುವ ಹುಡುಗರ ಜಾತಿಯದು ಇದು ಎಂದುಕೊಂಡೆ. ಪ್ರತಿ ಸಲ ದನಿ ನಿಂತಾಗ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಈಗ ಅಕ್ಕ ಏಳುತ್ತಾಳೆ, ಈಗ ಮಂಚ ಕಿರುಗುಟ್ಟುತ್ತದೆ. ಆದರೆ ಅವಳು ಏಳಲಿಲ್ಲ. ಅದೂ ನನಗೆ ತಿಳಿಯದ ಒಗಟಾಯಿತು.

"ಶಿವನಾಮ ಎಣಿಸ್ತಾ ಇರ್ತಾರೆ" ಎಂದಳು ನೀಲಮ್ಮ. "ನಿನ್ನೆ ನೀರು ಕೊಡಾಕೆ ಹೋದಾಗ ನೋಡ್ದೆ. ಕತೆ ಕೇಳ್ತಾ ಬೆರಳು ಮಡಚ್ತಾ ಇದ್ರು."

ಕ್ರಮಬದ್ಧವಾಗಿ ಹೋದರೆ ಯಾವ ರೋಗವೂ ಸಿಕ್ಕಿಬೀಳುತ್ತದೆಂದು ನಂಬಿದವನು ನಾನು. ನೋಟು ಪುಸ್ತಕಕ್ಕೆ ಗೆರೆ ಹಾಕಿ ಬರೆಯತೊಡಗಿದೆ. ನಿಂತ ಸಮಯ, ಬಂದ ಸಮಯ, ಸ್ಟೆಬಿಲೈಸರಿನ ಮುಳ್ಳು ಎಲ್ಲಿದೆ, ಹೊರಗೆ ಗಾಳಿ ಇದೆಯೇ ಇಲ್ಲವೇ. ಮೂರು ದಿನದ ಬರಹದಿಂದ ಒಂದು ವಿಷಯ ಸ್ಪಷ್ಟವಾಯಿತು. ಏಳು ಗಂಟೆ ಐದು ನಿಮಿಷ ಕಳೆದ ಮೇಲೆ ಯಂತ್ರಕ್ಕೆ ಏನೂ ತೊಂದರೆ ಇಲ್ಲ. ಹಾಗಾದರೆ ಅದು ಬಿಸಿಯಾಗಬೇಕು, ಬಿಸಿಯಾಗುವವರೆಗೆ ತಡವರಿಸುತ್ತದೆ. ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳಬೇಕೆಂದು ನಾನೇ ಎಷ್ಟು ಸಲ ಹೇಳಿಲ್ಲ! ಮರುದಿನ ಆರಕ್ಕೇ ಹಾಕಿಟ್ಟೆ. ಒಂದು ಗಂಟೆ ಕಾಲ ಒಂದು ಕ್ಷಣವೂ ನಿಲ್ಲದೆ ಹಾಡಿತು. ಏಳು ಹೊಡೆಯಿತು. ನಾನು ಸಮಾಧಾನದಿಂದ ನಡಿಗೆ ಶುರುಮಾಡಿದೆ. ಗಕ್ಕನೆ ನಿಂತಿತು.

ಹಾಗಾದರೆ ಒಂದು ಗಂಟೆ ಹಾಡಿ ಅದಕ್ಕೆ ದಣಿವಾಗಿರಬೇಕು. ಇದನ್ನೂ ಬರೆದುಕೊಂಡೆ. ಬರೆದು ಓದಿದಾಗ ನಿನ್ನೆಯ ಸಾಲಿಗೂ ಇವತ್ತಿನ ಸಾಲಿಗೂ ಹೊಂದಾಣಿಕೆಯೇ ಇರಲಿಲ್ಲ.

ಗೌಸ್ ಎರಡು ಸಲ ಬಂದ. ಎರಡೂ ಸಲ ಬೆಳಿಗ್ಗೆ. ನಾನು ಕುರ್ಚಿ ಕೊಟ್ಟು ಕೂರಿಸಿದೆ, ನಾನೂ ಕೂತೆ. ಸ್ಪೀಕರು ಸರಿಯಾಗಿ ಹಾಡಿತು. "ಎಲ್ಲಾ ಬರಾಬರ್ ಐತೆ ಮೇಷ್ಟ್ರೇ, ಖಾಲಿಪೀಲಿ ಕರೆಸ್ತೀರಿ" ಎಂದು ಎದ್ದುಹೋದ. ಮೂರನೆಯ ಸಲ ನಾನು ಬಿಡಲಿಲ್ಲ. ರೋಗ ಬರುವುದು ಸಂಜೆ ಏಳಕ್ಕೆ, ವೈದ್ಯನೂ ಏಳಕ್ಕೇ ಬರಬೇಕು ಎಂದೆ. ನಮಾಜು ಮುಗಿಸಿಕೊಂಡು ಸರಿಯಾಗಿ ಏಳಕ್ಕೆ ಬಂದ. ಕುರ್ಚಿಯ ಮೇಲೆ ಕೂರಿಸಿದೆ. ಅತಿಥಿ ಇದ್ದಾನೆಂದು ನಡಿಗೆ ಬಿಡುವ ಪದ್ಧತಿ ನನ್ನದಲ್ಲ. ಹೊರಟೆ.

ನಾಲ್ಕು ಸಲ ಹಾಯ್ದೆ. ಗೌಸನ ಕತ್ತು ನನ್ನ ಜೊತೆಗೇ ಅತ್ತಿಂದಿತ್ತ ತಿರುಗುತ್ತಿತ್ತು. ಐದನೆಯ ಸಲ ಕೋಣೆಯ ಬಾಗಿಲ ಎದುರಿಗೆ ಬಂದಾಗ, "ನಿಂತ್ಕಳ್ರಿ!" ಎಂದ.

ನಿಂತೆ. ದನಿ ನಿಂತಿತ್ತು.

"ಒಂದ್ ಹೆಜ್ಜೆ ಮುಂದೆ."

ಹೋದೆ. ದನಿ ಬಂತು.

"ಹಿಂದೆ."

ಬಂದೆ. ನಿಂತಿತು.

"ಮುಂದೆ. ಹಿಂದೆ. ಮುಂದೆ." ನನ್ನ ಮನೆಯಲ್ಲೇ ನನಗೆ ಡ್ರಿಲ್ ಮಾಡಿಸಿದ ಮೊದಲ ಮನುಷ್ಯ ಅವನು. "ಮೇಷ್ಟ್ರೇ, ರೋಗ ಮಿಷಿನ್‌ಗಿಲ್ಲ. ನೀವೇ ಅಡ್ಡ. ಅದರ ಕಣ್ಣಿಗೂ ಇದರ ಕಣ್ಣಿಗೂ ಮಧ್ಯೆ ಬರ್ತಾ ಇದ್ದೀರಿ."

ನೀಲಮ್ಮ ಅವರೆಕಾಯಿಯ ಮೊರ ಕೆಳಗಿಟ್ಟು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಾನು ಎಷ್ಟು ವರ್ಸದಿಂದ ಅದನ್ನೇ ಬಡ್ಕಂತಿದ್ದೆ!" ನಾನು ಹಾಳೆಯನ್ನು ತಂದು ನೋಡಿದೆ. ಮೂರನೆಯ ಚಿತ್ರದ ಮನುಷ್ಯ ನಿಂತಿದ್ದ, ನಿಜ. ಎಲ್ಲಿ ನಿಂತಿದ್ದಾನೆಂದು ನಾನು ನೋಡಿರಲಿಲ್ಲ. ಟೀವಿಗೂ ಸ್ಪೀಕರಿಗೂ ನಟ್ಟನಡುವೆ, ನೆಟ್ಟ ಬೆನ್ನಿನಲ್ಲಿ, ಥೇಟು ನನ್ನ ಹಾಗೆಯೇ.

ಒಳಗೆ ಅಕ್ಕನಿಗೆ ಬೇಜಾರಾಗಿದೆ ಎಂದುಕೊಂಡೆ. ಕಣ್ಣು ಕಟ್ಟಿಕೊಂಡು ಮಲಗಿದವಳಿಗೆ ಇದ್ದ ಒಂದು ಸುಖಕ್ಕೂ ತಮ್ಮನೇ ಕಲ್ಲು ಹಾಕಿದನಲ್ಲ. ಅಂದು ನಡಿಗೆಯನ್ನು ನಾಲ್ಕೂವರೆ ಸಲಕ್ಕೇ ಮುಗಿಸಿದೆ. ಲೆಕ್ಕದ ಬಾಕಿ ಮೈಯಲ್ಲೆಲ್ಲ ಕಡಿಯುತ್ತಿತ್ತು.

ಮರುದಿನ ಏಳಕ್ಕೆ ಸದ್ದಿಲ್ಲದೆ ಹಿತ್ತಿಲಿಗೆ ಹೋದೆ. ನೀರಿನ ತೊಟ್ಟಿಯಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಹತ್ತು ಹೆಜ್ಜೆ ಗುರುತು ಮಾಡಿಕೊಂಡೆ. ಒಳಗಿನಿಂದ ಸೊಸೆಯೂ ಅತ್ತೆಯೂ ಎಡೆಬಿಡದೆ ಜಗಳವಾಡುವುದು ತೇಲಿ ಬರುತ್ತಿತ್ತು. ಒಂದು ಸಲವೂ ನಿಲ್ಲಲಿಲ್ಲ. ಯಂತ್ರ ಗೆದ್ದಿತು, ನಾನೂ ಗೆದ್ದೆ ಎಂದುಕೊಂಡು ನೂರು ಮುಗಿಸಿ ಒಳಗೆ ಬಂದರೆ, ನೀಲಮ್ಮ ಕೋಣೆಯ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಿದ್ದಳು.

"ಬೇಗ ಬರ್ರಿ! ಅತ್ತಿಗೆವ್ರು ಎದ್ದವ್ರೆ!"

ಅಕ್ಕ ಮಂಚದಿಂದ ಇಳಿದಿದ್ದಳು. ಒಂದು ಕೈ ಗೋಡೆಯ ಮೇಲೆ, ಒಂದು ಕೈ ಗಾಳಿಯಲ್ಲಿ. ಅವಳ ಕಾಲಿನಿಂದ ಒಂದು ಗೇಣಿನಷ್ಟರಲ್ಲಿ ಸ್ಪೀಕರು ಇಟ್ಟ ಸ್ಟೂಲು, ಅದರಾಚೆ ಹೊಸ್ತಿಲು. ಪಕ್ಕದಲ್ಲಿ ಕತೆ ತನ್ನ ಪಾಡಿಗೆ ಜೋರಾಗಿ ನಡೆದಿತ್ತು. ನಾನು ಹೋಗಿ ಎರಡೂ ತೋಳು ಹಿಡಿದೆ.

"ಯಾಕೆದ್ದೆ ಅಕ್ಕ? ದನಿ ನಿಂತ್ರೆ ಏಳ್ತೀನಿ ಅಂದಿದ್ದೆ. ಎಲ್ಲಿ ನಿಂತೈತೆ?"

"ಅದಕ್ಕೇ ಎದ್ದೆ" ಎಂದಳು. "ಇವತ್ತು ಒಂದ್ ಸಲನೂ ನಿಲ್ಲಲಿಲ್ಲ. ನಿನಗೇನಾತು ಅಂತ ಎದ್ದೆ. ನಿನ್ನೆ ನೀವು ಹೊರಗೆ ಮಾತಾಡಿದ್ದು ಈ ಗದ್ದಲದಾಗೆ ಕೇಳಲಿಲ್ಲ, ನೋಡಿದ್ರೆ ಅರ್ಧಕ್ಕೇ ಬಿಟ್ಟೆ. ಇವತ್ತು ಪೂರ್ತಿ ಇಲ್ಲ. ಹೊಟ್ಟೆ ನೋವೇನಲೇ ರುದ್ರ?"

ನಾನು ಅವಳನ್ನು ಮೆಲ್ಲಗೆ ಮಲಗಿಸಿದೆ. ತಲೆದಿಂಬು ಸರಿ ಮಾಡಿದೆ.

"ನಾನೇ ಅಡ್ಡ ಬರ್ತಿದ್ದೀನಿ ಅಂತ ನಿಂಗೆ ಗೊತ್ತಿತ್ತಾ?"

"ಎರಡನೇ ದಿನಾನೇ ಗೊತ್ತಾತು. ಏಳಕ್ಕೆ ಶುರು, ಹತ್ತು ಸಲ ನಿಂತ್ರೆ ಮುಗೀತು. ಅಂಗೆ ಲೆಕ್ಕ ಹಿಡ್ಕಂಡು ನಿಲ್ಲೋ ಮಿಷಿನ್ ಎಲ್ಲೈತೆ? ನೀನೇ ಇರ್ಬೇಕು ಅನ್ಕಂಡೆ."

"ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಹಿತ್ತಿಲಿಗೆ ಹೋಗ್ತಿದ್ದೆ" ಎಂದಳು ಅಕ್ಕ. "ಇಲ್ಲಿ ಕತ್ತಲಾಗೆ ಯಾರು ಬಂದ್ರು ಯಾರು ಹೋದ್ರು ಒಂದೂ ತಿಳಿಯಂಗಿಲ್ಲ. ಅದು ನಿಂತ್ರೆ, ಈಗ ರುದ್ರ ಹಾಯ್ದ ಅನ್ಕಂತಿದ್ದೆ. ಹತ್ತೂ ಮುಗಿದ್ರೆ ಸರಿ, ಹುಡುಗಂಗೆ ಉಂಡಿದ್ದು ಅರಗೈತೆ ಅಂತ."

ಹುಡುಗನಿಗೆ ಆಗ ಅರವತ್ತೆರಡು. ಅವಳ ಕೈಗಳು ಹೊದಿಕೆಯ ಮೇಲಿದ್ದವು, ಬೆರಳುಗಳೆಲ್ಲ ಬಿಚ್ಚಿಕೊಂಡೇ ಇದ್ದವು. ಹೊರಗೆ ಬಂದವನು ಗಡಿಯಾರ ನೋಡಿದೆ. ಏಳೂಕಾಲು. ಹಿತ್ತಿಲಿನಲ್ಲಿ ನೂರು ಮುಗಿಸಿ ಬಂದಿದ್ದವನು ಹಾಲಿನಲ್ಲಿ ಇನ್ನೊಂದು ನೂರು ಹಾಕಿದೆ. ಪ್ರತಿ ಸಲವೂ ದನಿ ಗಕ್ಕನೆ ನಿಂತಿತು. ನನ್ನ ಎದೆ ಧಸಕ್ಕೆನ್ನಲಿಲ್ಲ.

ಪಟ್ಟಿ ಬಿಚ್ಚುವ ದಿನದವರೆಗೂ ಹಾಗೆಯೇ ನಡೆಯಿತು. ನೀಲಮ್ಮ ಮುಖ್ಯವಾದ ಮಾತುಗಳನ್ನೆಲ್ಲ ಕಳೆದುಕೊಂಡು ಗೊಣಗಿದಳು. ಅಕ್ಕ ಮಾತ್ರ ಮಂಚ ಬಿಟ್ಟು ಇಳಿಯಲಿಲ್ಲ. ಗೌಸ್ ಬೀದಿಯಲ್ಲಿ ಸಿಕ್ಕಿ "ಈಗ ಬರಾಬರ್ ಐತಾ ಮೇಷ್ಟ್ರೇ?" ಎಂದು ಕೇಳಿದ. "ದಿನಾ ಹತ್ತು ಸಲ ನಿಲ್ಲುತ್ತೆ, ಬರಾಬರ್ ಇದೆ" ಎಂದೆ. ಪಾಪ, ಅಂದು ನಾನು ಆಡಿಸಿದ ಹಾಗೆಯೇ ಅವನೂ ತಲೆಯಾಡಿಸಿದ.

ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ಅಕ್ಕನ ಎದುರು ನಿಂತು ಪಟ್ಟಿ ಬಿಚ್ಚಿದರು. ನಾನು ಗೋಡೆಯ ಹತ್ತಿರ ಇದ್ದೆ. ಹತ್ತಿ ತೆಗೆದು, ಕಣ್ಣೊರೆಸಿ, "ಮೆಲ್ಲಗೆ ತೆರೀರಿ ಅಮ್ಮ. ಎಷ್ಟು ಬೆರಳು ಕಾಣ್ತವೆ ಹೇಳ್ರಿ" ಎಂದರು. ಅಕ್ಕ ಕಣ್ಣು ತೆರೆದಳು, ಪಿಳುಕಿಸಿದಳು. ಬೆರಳು ಎಣಿಸಲಿಲ್ಲ. ಕತ್ತನ್ನು ಅತ್ತ ಓರೆ ಮಾಡಿದಳು, ಇತ್ತ ಓರೆ ಮಾಡಿದಳು.

"ಒಂಚೂರು ಆಕಡೆ ಸರೀರಿ ಡಾಕ್ಟ್ರೇ, ಅಡ್ಡ ಆಗ್ತೀರಿ" ಎಂದಳು. "ಅಲ್ಲಿ ನಮ್ಮ ತಮ್ಮ ನಿಂತವ್ನೆ."

ಡಾಕ್ಟರು ಸರಿದರು. ನಾನು ಹಿಮ್ಮಡಿ ಕೂಡಿಸಿ, ಕೈಗಳನ್ನು ಇಳಿಬಿಟ್ಟು, ಅವಳು ನೋಡಿ ಮುಗಿಸುವವರೆಗೂ ಅಲುಗದೆ ನಿಂತೆ.